ಕಲ್ಲುಹೊಲದ ನಾಲ್ಕು ಗೂಟ

ಕೆಂಚನಕೊಪ್ಪಲಿನ ಬಸವರಾಜು ಜಾತಿಗೀತಿ ನೋಡುವವನಲ್ಲ. ಇದನ್ನು ಊರಿಗೆಲ್ಲ ಹೇಳಿದವನೂ ಬಸವರಾಜುವೇ. ಹೊಸ ಅಗ್ರಹಾರದ ಹೋಟೆಲಿನಲ್ಲಿ, ಕೆ.ಆರ್. ನಗರದ ತಾಲ್ಲೂಕು ಕಚೇರಿಯ ಜಗಲಿಯಲ್ಲಿ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತನ ಹತ್ತಿರ, ಮಾತಿಗೆ ಎಲ್ಲಿ ಸಂದು ಸಿಕ್ಕಿದರೂ ಅಲ್ಲಿ ಹೇಳುತ್ತಿದ್ದ. "ಕೆಳಗಲ ಕೇರಿ ಚಾಮಯ್ಯ ಅವ್ನಲ್ಲ, ಅವ್ನೂ ನಾನೂ ಒಂದೇ ಬೆಂಚಲ್ಲಿ ಕೂತು ಓದ್ದೋರು ಕಣ್ರೀ. ಅವ್ರ ಮನೇಲಿ ಊಟ ಮಾಡಿವ್ನಿ ನಾನು." ಬೆಂಚಿನ ಮಾತು ನಿಜ. ಊಟದ ಮಾತೂ ನಿಜವೇ, ಆದರೆ ಅದು ಒಂದೇ ಊಟ, ಚಾಮಯ್ಯನ ತಮ್ಮನ ಮದುವೆಯದು. ಆ ಒಂದು ಊಟವನ್ನು ಅವನು ಇಪ್ಪತ್ತೆರಡು ವರ್ಷಗಳಿಂದ ಅರಗಿಸಿಕೊಳ್ಳುತ್ತಲೇ ಇದ್ದ.

ಹಾಗಂತ ಅವನನ್ನು ಬರೀ ಬಾಯಿಬಡುಕ ಎಂದು ತಳ್ಳಿಹಾಕುವಂತಿಲ್ಲ. ಊರಿಗೆ ಬೇಕಾದ ಮನುಷ್ಯ. ಐವತ್ತಮೂರರ ವಯಸ್ಸು, ನಾಲೆಯ ಕೆಳಗೆ ಮೂರು ಎಕರೆ ಗದ್ದೆ, ಮೇಲೆ ಎರಡು ಎಕರೆ ಹೊಲ, ಪಿಯುಸಿ ತನಕ ಓದು. ಎರಡು ಸಲ ಪಂಚಾಯಿತಿ ಸದಸ್ಯನಾಗಿ ಮೂರನೆಯ ಸಲ ಹದಿನಾಲ್ಕು ಓಟಿನಲ್ಲಿ ಸೋತಿದ್ದ. ಸೋತ ಮೇಲೂ ಊರಿಗೆ ಫೈಲು ಹಿಡಿದು ಬಂದವರು ಮೊದಲು ಕೇಳುತ್ತಿದ್ದದ್ದು ಅವನ ಮನೆಯನ್ನೇ. ಸುಟ್ಟುಹೋದ ಟ್ರಾನ್ಸ್‌ಫಾರ್ಮರ್ ಬದಲಾಗಬೇಕಾದರೂ ಬಸವರಾಜುವೇ ಬಾಯಿ ತೆಗೆಯಬೇಕು. ಮನೆಯೊಳಗೆ ಮಾತ್ರ ಆ ಬಾಯಿಗೆ ಬೆಲೆ ಇರಲಿಲ್ಲ. ಅಲ್ಲಿ ಅವ್ವ ರುಕ್ಮಿಣಮ್ಮನದೇ ಕೊನೆಯ ಮಾತು.

ಹೋದ ಚಳಿಗಾಲದಲ್ಲಿ ಭೂವಿಜ್ಞಾನದವರ ತಂಡವೊಂದು ಪಿರಿಯಾಪಟ್ಟಣದ ಕಡೆಯಿಂದ ಹೊರಟು ಹುಣಸೂರಿನ ತಂಬಾಕು ಹದಮಾಡುವ ಬ್ಯಾರನ್‌ಗಳನ್ನು ದಾಟಿ, ನೆಲದ ಮೇಲೆ ಗೆರೆ ಎಳೆದ ಹಾಗೆ ನೆಟ್ಟಗೆ ಮೂಡಣಕ್ಕೆ ಬರುತ್ತಿತ್ತು. ಲಾರಿಗಳು, ಕೊರೆಯುವ ಯಂತ್ರ, ಮೈಲಿಗಟ್ಟಲೆ ತಂತಿ. ನೀರು ಹುಡುಕುತ್ತಿದ್ದಾರೆ ಎಂದರು ಕೆಲವರು, ಚಿನ್ನ ಎಂದರು ಕೆಲವರು. ಕೆಂಚನಕೊಪ್ಪಲಿಗೆ ಬಂದಾಗ ತಂಡದ ಮುಖ್ಯಸ್ಥ ವಿರೂಪಾಕ್ಷ ಸೀದಾ ಬಸವರಾಜುವಿನ ಜಗಲಿಗೇ ಬಂದು ಕೂತು, ಕಾಫಿ ಕುಡಿಯುತ್ತ ವಿಷಯ ಬಿಡಿಸಿ ಹೇಳಿದ.

"ನೀರೂ ಅಲ್ಲ, ಚಿನ್ನವೂ ಅಲ್ಲ ಬಸವರಾಜು. ನಾವು ನಿಂತಿರೋ ನೆಲದ ಚಿಪ್ಪು ಹೇಗಿದೆ ಅಂತ ನೋಡೋದು. ಎಪ್ಪತ್ತಡಿ ಕೊರೆದು, ಒಳಗೆ ಸಿಡಿಮದ್ದು ಇಟ್ಟು ಸಿಡಿಸ್ತೀವಿ. ಸದ್ದು ಕೆಳಕ್ಕೆ ಹೋಗುತ್ತೆ. ಒಂದು ಬಗೆ ಕಲ್ಲು ಮುಗಿದು ಇನ್ನೊಂದು ಬಗೆ ಕಲ್ಲು ಶುರುವಾಗೋ ಕಡೆಯೆಲ್ಲ ಒಂದಿಷ್ಟು ಸದ್ದು ತಿರುಗಿ ಮೇಲಕ್ಕೆ ಬರುತ್ತೆ. ಚಿಪ್ಪಿನ ತಳ ಇರೋದು ಸುಮಾರು ನಲವತ್ತು ಕಿಲೋಮೀಟರ್ ಕೆಳಗೆ. ಅಲ್ಲಿಗೆ ಹೋಗಿ ವಾಪಸ್ ಬರೋಕೆ ಸದ್ದಿಗೆ ಹನ್ನೆರಡು ಸೆಕೆಂಡು ಸಾಕು."

ಆ ಸದ್ದನ್ನು ಕೇಳಿಸಿಕೊಳ್ಳುವ ಉಪಕರಣ ಮುಷ್ಟಿಯಷ್ಟು ದೊಡ್ಡ ಡಬ್ಬಿ, ಅಡಿಯಲ್ಲಿ ಗೇಣುದ್ದದ ಮೊಳೆ. ಜಿಯೋಫೋನ್ ಎಂಬ ಹೆಸರು ಊರವರ ನಾಲಿಗೆಗೆ ಒಗ್ಗದೆ ಎಲ್ಲರೂ ಅದನ್ನು ಕಿವಿ ಎಂದೇ ಕರೆದರು. ಮೊದಲು ಅಳತೆಯವರು ಬಂದು ಐವತ್ತು ಮೀಟರಿಗೊಂದು ನಂಬರಿನ ಗೂಟ ಹೊಡೆದು, ಅದು ಎಲ್ಲಿದೆಯೆಂದು ಉಪಗ್ರಹದ ಯಂತ್ರದಲ್ಲಿ ಬರೆದುಕೊಂಡು ಹೋಗುವರು. ಹಿಂದೆ ಬರುವ ಕೂಲಿಯವರು ಗೂಟವಿದ್ದ ಕಡೆ ಕಿವಿ ನೆಟ್ಟು ತಂತಿ ಸಿಕ್ಕಿಸಬೇಕು. ಕೂಲಿಗೆ ಮೂವತ್ತು ಜನರನ್ನು ಬಸವರಾಜುವೇ ಹೊಂದಿಸಿಕೊಟ್ಟ. ಪಟ್ಟಿಯಲ್ಲಿ ಮೊದಲ ಹೆಸರು ಚಾಮಯ್ಯನದು.

ಚಾಮಯ್ಯ ಒಂದು ಕಾಲಕ್ಕೆ ಬಾವಿ ತೋಡುತ್ತಿದ್ದವನು. ಬಾವಿಗಳ ಕಾಲ ಮುಗಿದ ಮೇಲೆ ಸಿಕ್ಕಿದ ಕೆಲಸ ಮಾಡಿಕೊಂಡಿದ್ದ. ನೆಲದ ಮರ್ಮ ಅವನ ಕೈಗೆ ಗೊತ್ತಿತ್ತು. ಹಿಮ್ಮಡಿಯಿಂದ ಮೇಲಿನ ಸಡಿಲು ಮಣ್ಣನ್ನು ಸರಿಸಿ, ಅಂಗೈ ಇಟ್ಟು ಒತ್ತಿ, ಕೊನೆಗೊಂದು ಸಣ್ಣ ತಿರುವು ಕೊಟ್ಟನೆಂದರೆ ಆ ಕಿವಿ ಗಾಳಿಗೂ ಅಲುಗುತ್ತಿರಲಿಲ್ಲ. ಅವನ ಹಿಂದೆ ನೋಟ್‌ಬುಕ್ ಹಿಡಿದು ನಂಬರು ಬರೆದುಕೊಳ್ಳಲು ಅವನ ಮಗಳು ಸುಕನ್ಯ. ಹಾಸ್ಟೆಲಿನಲ್ಲೇ ಬೆಳೆದು ಬಿ.ಎಸ್ಸಿ. ಮುಗಿಸಿಕೊಂಡು ಆಗತಾನೇ ಊರಿಗೆ ಬಂದಿದ್ದ ಹುಡುಗಿ. ಅವಳ ಪ್ರಶ್ನೆಗಳ ಕಾಟ ತಾಳಲಾರದೆ ವಿರೂಪಾಕ್ಷ ಅವಳನ್ನು ರೆಕಾರ್ಡಿಂಗ್ ವ್ಯಾನಿನೊಳಕ್ಕೇ ಕರೆದು, ತೆರೆಯ ಮೇಲೆ ಮೂಡುವ ಗೆರೆಗಳನ್ನು ತೋರಿಸಿ ಪಾಠ ಹೇಳಿದ್ದ. ಎಂಟನೆಯ ದಿನ ಎಲ್ಲರ ಎದುರಿಗೇ ಹೇಳಿದ: "ಚಾಮಯ್ಯ, ಇದು ಮುಗಿದ ಮೇಲೆ ಮುಂದಿನ ಅಳತೆ ಸಾಲಿಗೂ ನೀನು ಬರಬೇಕು. ನೆಡೋರಿಗೆಲ್ಲ ನೀನೇ ಮೇಸ್ತ್ರಿ. ಮಗಳಿಗೂ ಕೆಲಸ ಇದೆ." ಐವತ್ತು ದಾಟಿದ ಚಾಮಯ್ಯನಿಗೆ ಯಾರೂ ಹಾಗೆ ಕರೆದು ಕೆಲಸ ಕೊಟ್ಟಿರಲಿಲ್ಲ. ಅವತ್ತು ಬಸವರಾಜುವೂ ಹಿಗ್ಗಿದ. ಬೆಂಚಿನ ಕಥೆಯನ್ನು ವಿರೂಪಾಕ್ಷನಿಗೆ ಎರಡನೆಯ ಸಲ ಹೇಳಿದ.

ಮರುದಿನ ಅಳತೆಯವರ ಗೆರೆ ಬಸವರಾಜುವಿನ ಕಲ್ಲುಹೊಲದ ನಟ್ಟನಡುವೆ ಹಾಯಿತು.

ನಾಲೆಯ ಮೇಲಿನ ಎರಡು ಎಕರೆ ಅದು. ಅದರಲ್ಲೊಂದು ಹೊಂಗೆ ಮರ, ಮರದ ಬುಡದಲ್ಲಿ ಮೂರು ಕಲ್ಲು. ಬಸವರಾಜುವಿನ ಮನೆಯ ಹಿರಿಯರು ಅಲ್ಲಿದ್ದಾರೆ ಎಂದು ನಂಬಿಕೆ; ಮಹಾಲಯ ಅಮಾವಾಸ್ಯೆಗೆ ಆ ಕಲ್ಲುಗಳನ್ನು ತೊಳೆದು ಎಡೆ ಇಡುತ್ತಾರೆ. ಕೆಳಗಲ ಕೇರಿಯವರು ಬಸವರಾಜುವಿನ ಗದ್ದೆಗೆ ನಾಟಿಗೆ ಬರಬಹುದು, ಕೊಯ್ಲಿಗೆ ಬರಬಹುದು, ಕಣದಲ್ಲಿ ಭತ್ತ ಬಡಿಯಬಹುದು. ಕಲ್ಲುಹೊಲದ ಬದು ಮಾತ್ರ ದಾಟುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಬಾಯಿಬಿಟ್ಟು ಹೇಳುವವರೂ ಇಲ್ಲ. ಆ ಹೊಲವನ್ನು ಮನೆಯವರೇ ಉಳುತ್ತಾರೆ, ಮನೆಯವರೇ ಕೊಯ್ಯುತ್ತಾರೆ, ಹಾಗಾಗಿ ಹೇಳುವ ಪ್ರಸಂಗವೇ ಬಂದಿರಲಿಲ್ಲ.

ಸಂಜೆ ರುಕ್ಮಿಣಮ್ಮ ಕೇಳಿದಳು: "ನಾಳೀಕೆ ನಮ್ಮ ಕಲ್ಲೊಲ್ದಲ್ಲಿ ಆ ಮೊಳೆ ನೆಡೋನು ಯಾರ್ಲಾ?"

"ಚಾಮಯ್ಯ ಕಣವ್ವ."

"ನಮ್ಮ ಇರೀಕರ ತಲೆ ಮ್ಯಾಲೆ ಅವ್ನು ಮೊಳೆ ಒಡೀಬೇಕಾ?"

"ಅವ್ವಾ, ಕಾಲ ಬದಲಾಗದೆ..."

"ಬದಲಾಗ್ಲಿ ಬುಡು, ನಾನೇನು ಬ್ಯಾಡ ಅಂದ್ನಾ? ನಾನು ಬದಲಾಗಿಲ್ಲ. ಅವ್ನು ಆ ಬದ ದಾಟುದ್ರೆ ನಾನು ಈ ಮನೇಲಿ ಅನ್ನ ಮುಟ್ಟಕಿಲ್ಲ."

ಬಸವರಾಜು ಎದ್ದು ಹೋಗಿ ದನದ ಹಟ್ಟಿಯಲ್ಲಿ ಕೂತ. ಅವ್ವನಿಗೆ ಆಗುವುದಿಲ್ಲ ಎಂದು ಹೇಳಬಹುದಿತ್ತು. ಐವತ್ತಮೂರು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಆ ನಾಲ್ಕು ಗೂಟಕ್ಕೆ ಬೇರೆ ಆಳು ಕಳಿಸಿ ಎಂದು ವಿರೂಪಾಕ್ಷನಿಗೆ ಹೇಳಬಹುದಿತ್ತು. ಯಾಕೆ ಎಂದು ಅವನು ಕೇಳಿದರೆ ಬೆಂಚಿನ ಕಥೆ ಹೇಳಿದ ಬಾಯಿಂದ ಏನನ್ನು ಹೇಳುವುದು? ಚಾಮಯ್ಯನಿಗೇ ಹೇಳುವುದೆಂದರೆ ಅದಕ್ಕಿಂತ ನಾಲೆಗೆ ಬೀಳುವುದು ಮೇಲು. ಕಡೆಗೆ ಅವನಿಗೆ ಹೊಳೆದದ್ದು, ಯಾರಿಗೂ ಏನೂ ಹೇಳದ ದಾರಿ. ಬೆಳಗಿನ ಆರು ಗಂಟೆಗೆ ಹೋಗಿ ಕಲ್ಲುಹೊಲದ ನಾಲ್ಕು ಗೂಟಗಳನ್ನು ಕಿತ್ತ. ನೂರೈವತ್ತು ಹೆಜ್ಜೆ ಆಚೆಗಿನ ನಾಲೆಯ ಏರಿಯ ಮೇಲೆ ಅಷ್ಟಷ್ಟೇ ದೂರಕ್ಕೆ ಸಾಲಾಗಿ ಹೊಡೆದ. ನಲವತ್ತು ಕಿಲೋಮೀಟರ್ ಆಳದ ವ್ಯವಹಾರಕ್ಕೆ ನೂರೈವತ್ತು ಹೆಜ್ಜೆ ಯಾವ ಲೆಕ್ಕ? ಆನೆಯ ಮೈಮೇಲೆ ಸೊಳ್ಳೆ ಎಡಕ್ಕೆ ಕೂತರೇನು, ಬಲಕ್ಕೆ ಕೂತರೇನು? ಹೀಗೆ ತನಗೆ ತಾನೇ ಹೇಳಿಕೊಂಡು, ಬಂದು ಸ್ನಾನ ಮಾಡಿ, ಮೂರು ದೋಸೆ ತಿಂದ.

ಮಧ್ಯಾಹ್ನ ಸಿಡಿಮದ್ದು ಸಿಡಿಯಿತು. ಕಾಲಡಿಯ ನೆಲ ಒಮ್ಮೆ ಗುಮ್ಮೆಂದಿತು, ಅಷ್ಟೆ. ಬಸವರಾಜು ಎಂದಿನಂತೆ ವ್ಯಾನಿನೊಳಗೆ ವಿರೂಪಾಕ್ಷನ ಬೆನ್ನ ಹಿಂದೆಯೇ ನಿಂತಿದ್ದ. ತೆರೆಯ ಮೇಲೆ ಗೆರೆಗಳು ಮೂಡಿದವು. ಹತ್ತಿರದ ಕಿವಿಗೆ ಮೊದಲು, ದೂರದ್ದಕ್ಕೆ ಆಮೇಲೆ, ಹೀಗೆ ಸದ್ದು ಮುಟ್ಟಿದ ಗುರುತುಗಳು ಓರೆಯಾಗಿ ಒಂದೇ ಗೆರೆಗೆ ಕೂಡಬೇಕು. ಕೂಡಿಕೊಂಡೇ ಬಂದವು. ಒಂದು ಕಡೆ ನಾಲ್ಕು ಗುರುತುಗಳು ಮಾತ್ರ ಜೋತುಬಿದ್ದಿದ್ದವು.

"ಈ ನಾಲ್ಕು ತಡವಾಗಿ ಕೇಳಿಸಿಕೊಂಡಿವೆ," ಎಂದ ವಿರೂಪಾಕ್ಷ. "ಗಟ್ಟಿ ನೆಲದಲ್ಲಿದ್ದರೆ ಹೀಗಾಗಲ್ಲ. ಎಲ್ಲೋ ಸಡಿಲು ಮಣ್ಣಲ್ಲಿ ಚುಚ್ಚಿದ್ದಾರೆ. ಮೇಲೆ ಇಷ್ಟು ತಪ್ಪಿದರೆ ಕೆಳಗಿನ ಪದರಗಳೂ ಅಲ್ಲಿ ಮುರಿದ ಹಾಗೆ ಕಾಣುತ್ತವೆ. ಇಲ್ಲದ ಬಿರುಕನ್ನ ಇದೆ ಅಂತ ನಾನು ಬರೆದುಬಿಡ್ತಿದ್ದೆ. ಯಾರು ನೆಟ್ಟಿದ್ದು?"

ಆನೆಗೆ ಸೊಳ್ಳೆ ಕೂತದ್ದು ಗೊತ್ತಾಗಿತ್ತು.

ಲೆಕ್ಕವನ್ನೆಲ್ಲ ಮತ್ತೊಮ್ಮೆ ನೋಡಿ ಇಳಿದು ಬರುವಷ್ಟರಲ್ಲಿ ಕಿವಿ, ಗೂಟ, ತಂತಿ ಎಲ್ಲವನ್ನೂ ಎತ್ತಿ ಮುಂದಕ್ಕೆ ಸಾಗಿಸಿ ಆಗಿತ್ತು. ಹೋಗಿ ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ. ವಿರೂಪಾಕ್ಷ ಚಾಮಯ್ಯನನ್ನು ಮೂವತ್ತು ಜನರ ನಡುವೆ ನಿಲ್ಲಿಸಿಕೊಂಡ.

"ಗೂಟ ಇದ್ದ ತಾವೇ ನೆಟ್ಟಿವ್ನಿ ಸಾ," ಎಂದ ಚಾಮಯ್ಯ.

"ಹೌದು ಸರ್, ಗೂಟ ಏರಿ ಮೇಲಿದ್ವು. ನಾನೇ ನಂಬರ್ ಬರ್ಕೊಂಡೆ," ಎಂದಳು ಸುಕನ್ಯ.

"ಅಳತೆಯವರು ಹೊಡೆದದ್ದು ಹೊಲದಲ್ಲಿ. ಮೂರು ಕಲ್ಲಿವೆಯಲ್ಲ, ಅಲ್ಲಿ. ಗೂಟಕ್ಕೇನು ಕಾಲು ಬಂತಾ?"

"ದನಗಿನ ಕಿತ್ತಾಕಿರ್ಬೇಕು ಸಾ," ಎಂದ ಚಾಮಯ್ಯ, ನೆಲ ನೋಡುತ್ತ.

"ದನ ಕೀಳುತ್ತೆ. ಕಿತ್ತು ಐವತ್ತೈವತ್ತು ಮೀಟರಿಗೆ ಸಾಲಾಗಿ ಹೊಡೆಯುತ್ತಾ? ಉಳುಮೆ ಹೆಂಟೆ ತುಳಿಯೋಕೆ ಬೇಜಾರಾಗಿ ಏರಿ ದಾರಿ ಹಿಡಿದಿದ್ದೀಯ, ಮಗಳು ಅದಕ್ಕೆ ಸೇರಿದ್ದಾಳೆ." ಹಾಗೆಂದು ವಿರೂಪಾಕ್ಷ ಬಸವರಾಜುವಿನ ಕಡೆ ತಿರುಗಿದ. "ಹೊಲ ನಿಮ್ಮದೇ ಅಲ್ವಾ? ಗೂಟ ಯಾರಾದರೂ ಸರಿಸಿದ್ದು ನೋಡಿದ್ರಾ?"

ಜೀವಮಾನವೆಲ್ಲ ಮಾತಾಡಿದ ಬಾಯಿಗೆ ಅವತ್ತು ಎರಡೇ ಮಾತು ಸಿಕ್ಕಿದವು. "ನಂಗೊತ್ತಿಲ್ಲ ಸಾರ್."

ಚಾಮಯ್ಯ ತಲೆಯೆತ್ತಿ ಒಂದು ಸಲ ಅವನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಬಸವರಾಜು ತಡೆದುಕೊಳ್ಳುತ್ತಿದ್ದ. ಅಪ್ಪ ಮಗಳು ಇಬ್ಬರೂ ನಾಳೆಯಿಂದ ಬರುವುದು ಬೇಡ ಎಂದ ವಿರೂಪಾಕ್ಷ. ಸುಕನ್ಯ ನೋಟ್‌ಬುಕ್ಕನ್ನು ವ್ಯಾನಿನ ಮೆಟ್ಟಿಲ ಮೇಲಿಟ್ಟು ಅಪ್ಪನ ಹಿಂದೆ ನಡೆದಳು.

ಮೂರು ದಿನ ಬಸವರಾಜು ನಾಚಿಕೆಯಿಂದ ಬೆಂದ. ಬೇರೆ ಮಾತಿಲ್ಲ ಅದಕ್ಕೆ, ನಾಚಿಕೆಯೇ. ಕನ್ನಡಿ ಮುಂದೆ ಗಡ್ಡ ಹೆರೆಯಲು ನಿಂತರೆ ತನ್ನ ಬಾಯಿಯೇ ಕಣ್ಣಿಗೆ ಬಿದ್ದು ಅಸಹ್ಯವಾಗುತ್ತಿತ್ತು. ಹೋಟೆಲಿನಲ್ಲಿ ಯಾರೋ "ಏನ್ ಬಸವರಾಜು, ನಿನ್ನ ಬೆಂಚಿನೋನು ಇಂಗ್ ಮಾಡ್ಬುಟ್ನಲ್ಲ" ಎಂದು ನಕ್ಕಾಗ ಅರ್ಧ ಲೋಟ ಟೀ ಅಲ್ಲೇ ಬಿಟ್ಟು ಎದ್ದ. ತಪ್ಪು ಯಾರದೆಂದು ಬಾಯಿಗೆ ಬಂದರೂ ಹೊರಗೆ ಬರಲಿಲ್ಲ. ರುಕ್ಮಿಣಮ್ಮ ಮಾತ್ರ ನೆಮ್ಮದಿಯಾಗಿ ಎರಡು ಮುದ್ದೆ ಉಣ್ಣುತ್ತಿದ್ದಳು. ಅವ್ವನ ಎದುರು ಕೂತು ಉಣ್ಣಲಾರದೆ ಅವನು ತಟ್ಟೆ ಹಿಡಿದು ಹಟ್ಟಿಗೆ ಹೋದ. ನಾಲ್ಕನೆಯ ದಿನ ತಂಡ ಬಿಡಾರ ಕಿತ್ತು ಮುಂದಕ್ಕೆ ಹೊರಡುವುದಿತ್ತು. ಹೊರಟರೆ ಚಾಮಯ್ಯನ ಮೇಸ್ತ್ರಿಕೆಯೂ ಹುಡುಗಿಯ ಕೆಲಸವೂ ಅದರ ಜೊತೆಗೇ ಹೋದ ಹಾಗೆ. ಆ ದಿನ ಬೆಳಗ್ಗೆ ಅವನು ಕೆಳಗಲ ಕೇರಿಗೆ ನಡೆದ.

ದಾರಿಯಲ್ಲಿ ಜನ ಬಾಗಿಲಿಗೆ ಬಂದು ನೋಡುವುದನ್ನು ಕಂಡು ಯಾಕೆಂದು ಅವನಿಗೆ ಮೊದಲು ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಮದುವೆಯ ಊಟದ ಮೇಲೆ ಅವನು ಆ ಬೀದಿಗೆ ಬರುತ್ತಿದ್ದುದು ಓಟು ಕೇಳಲು ಮಾತ್ರ.

ಚಾಮಯ್ಯ ಜಗಲಿಯ ಮೇಲೆ ಮಚ್ಚಿಗೆ ಹಿಡಿ ಕೂರಿಸುತ್ತಿದ್ದ. ಎದ್ದು ನಿಂತ. "ಬನ್ನಿ ಗೌಡ್ರೆ."

"ಗೌಡ ಅನ್ಬೇಡ ಕಣೋ. ಕೂತ್ಕೊ. ನಾನೊಂದು ಮಾತು ಏಳ್ಬೇಕು."

ಚಾಮಯ್ಯ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಈಗ ಬ್ಯಾಡ ಬುಡಿ. ಆಗಿದ್ದಾಯ್ತು. ಸಂಜೆ ನಾನೇ ಬತ್ತೀನಿ."

ಇದನ್ನು ಬಸವರಾಜು ಚಾಮಯ್ಯನ ದೊಡ್ಡತನ ಎಂದುಕೊಂಡ. "ಇಲ್ಲ ಕಣ್ಲಾ, ಏಳ್ಳೇಬೇಕು. ಆ ಗೂಟ ಕಿತ್ತೋನು ನಾನೇ. ನೀನು ನಮ್ಮ ಇರೀಕರ ಕಲ್ಲತ್ರ ಕಾಲಿಕ್ಕಬಾರ್ದು ಅಂತ ಅವ್ವ ಅಟ ಇಡುದ್ಲು. ನಾನು ಬೆಳಿಗ್ಗೆ ಎದ್ದೋಗಿ ಕಿತ್ತು ಏರಿ ಮ್ಯಾಲೆ ಒಡ್ದೆ. ಸಾಹೇಬ್ರು ಕೇಳ್ದಾಗ ಸುಳ್ಳೇಳ್ದೆ. ನಾನು ಮನ್ಸನೇ ಅಲ್ಲ ಕಣೋ ಚಾಮಯ್ಯ." ಮಾತಿನ ಕೊನೆಗೆ ಅವನು ಅತ್ತುಬಿಟ್ಟ. ಅತ್ತದ್ದರಿಂದ ಹಿತವಾಯಿತು ಎನ್ನುವುದನ್ನೂ ಮುಚ್ಚಿಡಬಾರದು.

ಚಾಮಯ್ಯ ನೋಡುತ್ತಿದ್ದುದು ಬಾಗಿಲನ್ನು. ಅಲ್ಲಿ ಸುಕನ್ಯ ನೀರಿನ ಚೊಂಬು ಹಿಡಿದು ನಿಂತಿದ್ದಳು.

"ಅಪ್ಪಾ, ನಿಂಗೆ ಇದು ಗೊತ್ತಿತ್ತಾ?"

ಚಾಮಯ್ಯ ಮಚ್ಚನ್ನು ಜಗಲಿಯ ಮೇಲಿಟ್ಟ. "ಗೂಟ ಕಿತ್ತ ತೂತು ನಂಗೆ ಕಾಣಕಿಲ್ವಾ ಮಗ? ಹೊಂಗೆ ಮರದ ಸಾಲ್ಗೆ ನಾಲ್ಕೂ ಬಾಯ್ಬುಟ್ಕಂಡು ನಿಂತಿದ್ವು. ಯಾಕೆ ಅಂತ ಅಲ್ಲೇ ತಿಳೀತು. ನೀನು ಬುಕ್ಕಿಡ್ಕೊಂಡು ಇಂದ್ಗಡೆ ಬತ್ತಿದ್ದೆ. ನೀನು ಬರೋದ್ರೊಳ್ಗೆ ಓಡೋಗಿ ಇಮ್ಮಡೀಲಿ ತುಳ್ದು ಮುಚ್ಬುಟ್ಟೆ." ಆಮೇಲೆ ಬಸವರಾಜುವಿನ ಕಡೆ ತಿರುಗಿದ. "ಇದೊಂದ ಅವ್ಳಿಗೆ ಗೊತ್ತಾಗ್ಬಾರ್ದು ಅಂತ ಕೆಲ್ಸಗಳ್ಳ ಅನ್ನಿಸ್ಕೊಂಡೂ ಸುಮ್ಕಿದ್ದೆ ಗೌಡ್ರೆ. ಸಂಜೆ ಬತ್ತೀನಿ ಅಂದ್ನಲ್ಲಾ ನಾನು."

ನೆಲ ಬಾಯಿಬಿಡಬಾರದೆ ಅನ್ನಿಸಿತು ಬಸವರಾಜುವಿಗೆ. ಸರಿಮಾಡಲು ಬಂದು ಉಳಿದದ್ದನ್ನೂ ಹಾಳುಮಾಡಿದ್ದ. ಸುಕನ್ಯ ಚೊಂಬನ್ನು ಕೆಳಗಿಟ್ಟಳು. ಅವಳು ಅಳಲಿಲ್ಲ, ಕೂಗಲೂ ಇಲ್ಲ.

"ಇದನ್ನ ವಿರೂಪಾಕ್ಷ ಸರ್‌ಗೆ ಹೇಳಿದ್ರಾ?"

"ಇಲ್ಲವ್ವ. ಮೊದ್ಲು ನಿಮ್ಮಪ್ಪನ್ನ..."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ?"

ಸುಕನ್ಯ ಚಪ್ಪಲಿ ಮೆಟ್ಟಿ ಹೊರಟಳು. ಬಸವರಾಜು ಹಿಂದೆ ಹೊರಟ. ಚಾಮಯ್ಯ ಬರಲಿಲ್ಲ.

ಬಿಡಾರದಲ್ಲಿ ಡೇರೆಗಳನ್ನು ಮಡಚಿ ಲಾರಿಗೆ ಹೇರುತ್ತಿದ್ದರು. ವಿರೂಪಾಕ್ಷ ವ್ಯಾನಿನೊಳಗಿದ್ದ. ಗೂಟ ಸರಿಸಿದವನು ತಾನು ಎಂದು ಬಸವರಾಜು ಹೇಳಿದ. ವಿರೂಪಾಕ್ಷ ಅವನನ್ನೂ ಸುಕನ್ಯಳನ್ನೂ ನೋಡಿ, ಬೈಯಲು ಬಾಯಿ ತೆಗೆದು, ತಡೆದುಕೊಂಡ. "ಏರಿ ಮೇಲೆ ಎಲ್ಲಿ ಅಂತ ತೋರಿಸಿ," ಎಂದ ಅಷ್ಟೆ. ಕಂಪ್ಯೂಟರಿನ ನಕ್ಷೆಯ ಮೇಲೆ ಬಸವರಾಜು ಬೆರಳಿಟ್ಟ. ವಿರೂಪಾಕ್ಷ ಆ ನಾಲ್ಕು ಜಾಗಗಳನ್ನು ತಿದ್ದಿ, ಏರಿಯ ಸಡಿಲು ಮಣ್ಣಿನಿಂದಾದ ತಡವನ್ನು ಕಳೆದ. ಜೋತುಬಿದ್ದಿದ್ದ ಗುರುತುಗಳು ಮೇಲಕ್ಕೆ ಸರಿದು ಗೆರೆಗೆ ಕೂಡಿಕೊಂಡವು. ಐದು ನಿಮಿಷವೂ ಹಿಡಿಯಲಿಲ್ಲ.

"ಅವತ್ತೇ ಹೇಳಿದ್ರೆ ಇಷ್ಟೇ ಕೆಲಸ ಇತ್ತು," ಎಂದು ದಿನಚರಿಯ ಪುಸ್ತಕ ತೆಗೆದ. ದಪ್ಪ ರಟ್ಟಿನ ಪುಸ್ತಕ ಅದು. ಸಾಲಿನಲ್ಲಿ ಏನು ನಡೆದರೂ ಅದರಲ್ಲಿ ಬರೆದಿಡಬೇಕು. ಬರೆಯುತ್ತ ಗಟ್ಟಿಯಾಗಿ ಓದಿಕೊಂಡ. "ನಾಲ್ಕು ಗೂಟಗಳನ್ನು ಹೊಲದ ಮಾಲೀಕರು ಸರಿಸಿದ್ದಾರೆ. ನೆಟ್ಟವರ ತಪ್ಪಿಲ್ಲ. ಕಾರಣ..." ತಲೆಯೆತ್ತಿದ. "ಕಾರಣ ಏನು?"

"ಬೆಳೆ ಇತ್ತು ಸಾರ್," ಎಂದುಬಿಟ್ಟ ಬಸವರಾಜು. ಕೊಯ್ಲಾಗಿ ಉತ್ತುಬಿಟ್ಟ ಹೊಲದಲ್ಲಿ ಆಗ ಹುಲ್ಲುಕಡ್ಡಿಯೂ ಇರಲಿಲ್ಲ. ವಿರೂಪಾಕ್ಷ ಬರೆಯತೊಡಗಿದ. ಸುಕನ್ಯ ಪಕ್ಕದಲ್ಲೇ ನಿಂತು ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು.

ಬಸವರಾಜು ಅವಳ ನೋಟ ಕಂಡ. "ಅಲ್ಲ ಸಾರ್, ಬೆಳೆ ಅಲ್ಲ," ಎಂದ. ಆಮೇಲೆ ಹೇಳಿದ: ಕಲ್ಲು ಯಾರದು, ಬದು ಯಾರು ದಾಟಬಾರದು, ಅವ್ವ ಏನೆಂದಳು, ತಾನೇನು ಮಾಡಿದೆ. ಈ ಸಲ ಅಳಲಿಲ್ಲ. ಒಂದೊಂದು ಮಾತನ್ನೂ ಗಂಟಲಿನಿಂದ ಕಿತ್ತು ಹಾಕಿದಂತೆ ಹೇಳಿದ. ಡೇರೆ ಮಡಚುತ್ತಿದ್ದ ಕೂಲಿಯವರು ಕೈ ನಿಲ್ಲಿಸಿ ಕೇಳಿದರು.

ವಿರೂಪಾಕ್ಷ ಪೆನ್ನಿಗೆ ಮುಚ್ಚಳ ಹಾಕಿದ.

"ಇದನ್ನೆಲ್ಲ ರಿಪೋರ್ಟಿನಲ್ಲಿ ಹೇಗೆ ಬರೆಯೋದು ಬಸವರಾಜು? ನಾಳೆ ಯಾರಾದರೂ ಓದ್ತಾರೆ. ನಿಮಗೂ ತೊಂದರೆ, ನಮಗೂ ತೊಂದರೆ. ಚಾಮಯ್ಯನ ತಪ್ಪಿಲ್ಲ ಅಂತ ಬಂತಲ್ಲ, ಸಾಕು. ಬೆಳೆ ಅಂತಲೇ ಇರಲಿ ಬಿಡಿ."

ಅದನ್ನು ಕೇಳಿದ ಕೂಡಲೇ ಬಸವರಾಜುವಿನ ಎದೆ ಹಗುರಾಯಿತು. ತಡೆದುಕೊಳ್ಳುವ ಮೊದಲೇ ಒಂದು ನೆಮ್ಮದಿ ಅವನ ಮುಖದ ಮೇಲೆ ಬಂದುಬಿಟ್ಟಿತ್ತು. ತಲೆ ತಿರುಗಿಸಿದಾಗ ಸುಕನ್ಯ ಪುಸ್ತಕವನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು.